ನೋಟ ಪರರಿಚ್ಛೆ

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂದು ನಮ್ಮ ಹಿರಿಯರು ಹೇಳಿಹೋದರು. ಈ ಗಾದೆಯ ಮೊದಲರ್ಧದ ವಿಷಯವಾಗಿ ನಾವು ಹೇಳತಕ್ಕುದೇನೂ ಇಲ್ಲ. ಅದು ಅವರವರ ಜಠರಕ್ಕೂ ಅಡುಗೆಮನೆಯ ಒಡತಿಯ ಚಿತ್ತಕ್ಕೂ ಸಂಬಂಧಿಸಿದ ವಿಚಾರ. ಎರಡನೆಯ ಅರ್ಧವೇ ಬಹುಕಾಲದಿಂದ ನಮ್ಮ ಮನಸ್ಸನ್ನು ಕೆಣಕುತ್ತಿದೆ. ನಾವು ಉಡುವ ಬಟ್ಟೆ ಪರರು ಮೆಚ್ಚುವಂತಿರಬೇಕು, ಒಪ್ಪಿದೆವು. ಆದರೆ ಆ ಪರರು ಯಾರು? ಎಲ್ಲಿರುತ್ತಾರೆ? ಅವರ ಇಚ್ಛೆ ನಮ್ಮ ಮನೆಯ ಬೀರುವಿನವರೆಗೆ ಬರುವುದು ಯಾವ ದಾರಿಯಿಂದ?

ನಮ್ಮ ಅಜ್ಜಿಯವರ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಪರರೆಂದರೆ ಬಾವಿಯ ಕಟ್ಟೆಯಲ್ಲಿ, ದೇವಸ್ಥಾನದ ಪ್ರಾಕಾರದಲ್ಲಿ, ಅರಿಶಿನ ಕುಂಕುಮಕ್ಕೆ ಕರೆದ ಮನೆಯ ಹಜಾರದಲ್ಲಿ ಎದುರಾಗುವ ಹತ್ತಿಪ್ಪತ್ತು ಮಂದಿ ಹೆಂಗಸರು. “ಸೀರೆ ಎಲ್ಲಿ ತಗೊಂಡ್ರಿ? ಅಂಚು ಚೆನ್ನಾಗಿದೆ” ಎಂದು ಅವರಲ್ಲೊಬ್ಬರು ಅಂದರೆ ಆ ಸೀರೆಯ ಭಾಗ್ಯ ತೆರೆಯಿತು, ಯಾರೂ ಏನೂ ಅನ್ನದಿದ್ದರೆ ಅದು ಪೆಟ್ಟಿಗೆಯ ತಳ ಸೇರಿತು. ನಮ್ಮ ತಾಯಿಯವರ ಕಾಲಕ್ಕೆ ಈ ಅಧಿಕಾರ ಸ್ವಲ್ಪಮಟ್ಟಿಗೆ ಚಿಕ್ಕಪೇಟೆಯ ವರ್ತಕರ ಕೈ ಸೇರಿತು. ಈಗಲಾದರೋ, ನಮ್ಮ ತಮ್ಮನ ಮಗಳು ಒಂದು ಬಣ್ಣವನ್ನು ಬೇಡವೆಂದರೆ, ಅದನ್ನು ನಿಜವಾಗಿ ಬೇಡವೆಂದವರು ಯಾರೆಂಬುದನ್ನು ಪತ್ತೆಮಾಡಲು ಸಮುದ್ರಗಳನ್ನೇ ದಾಟಬೇಕಾಗುತ್ತದೆ. ಹೀಗೆ ಪರರು ದೂರ ದೂರ ಸರಿದುಹೋದ ಕಥೆಯ ಗುರುತುಗಳು ಬೆಂಗಳೂರೊಂದರಲ್ಲಿಯೇ, ಮೂರು ನಾಲ್ಕು ಹರದಾರಿಯೊಳಗೆ, ಕಣ್ಣಿಗೆ ಕಾಣುವಂತೆ ಉಳಿದಿವೆ. ಅವನ್ನು ವಾಚಕ ಮಹಾಶಯರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ತಂದೆಯವರು ಸಂಸಾರ ಹೂಡಿದ್ದು ಅರಳೆಪೇಟೆಯ ಒಂದು ಬಾಡಿಗೆಯ ಮನೆಯಲ್ಲಿ. ಆ ಭಾಗದಲ್ಲಿ ಬೆಳೆದವರಿಗೆ ಪೇಟೆಯ ಭೂಗೋಳವನ್ನು ಯಾರೂ ಕಲಿಸಬೇಕಾದುದಿಲ್ಲ. ಕೆಂಪೇಗೌಡರು ೧೫೩೭ರಲ್ಲಿ ಕಟ್ಟಿಸಿದರೆಂದು ಹೇಳುವ ಆ ಊರಿನಲ್ಲಿ ಬೀದಿಯ ಹೆಸರೇ ಕಸುಬನ್ನು ಸಾರುತ್ತದೆ. ಅರಳೆ ಮಾರಿದ್ದು ಅರಳೆಪೇಟೆ, ಬಳೆ ಮಾರಿದ್ದು ಬಳೆಪೇಟೆ, ಗಾಣ ಆಡಿದ್ದು ಗಾಣಿಗರಪೇಟೆ, ಮಡಕೆ ಬೆಂದದ್ದು ಕುಂಬಾರಪೇಟೆ. ಕಬ್ಬನ್‌ಪೇಟೆಗೆ ಮಾತ್ರ ಆಂಗ್ಲ ಕಮಿಷನರೊಬ್ಬರ ಹೆಸರು ಅಂಟಿಕೊಂಡಿದ್ದರೂ ಅಲ್ಲಿ ನಾವು ಹುಡುಗರಾಗಿದ್ದಾಗ ಕೇಳುತ್ತಿದ್ದುದು ಮಗ್ಗಗಳ ಸದ್ದನ್ನೇ. ಬೇಸಿಗೆಯ ಮಧ್ಯಾಹ್ನ ಊರೆಲ್ಲ ತೂಕಡಿಸುತ್ತಿದ್ದರೂ ಆ ಓಣಿಗಳಲ್ಲಿ ಲಾಳಿಯ ಓಟ ನಿಲ್ಲುತ್ತಿರಲಿಲ್ಲ.

ಒಂದೇ ಕಸುಬಿನವರು ಒಂದೇ ಬೀದಿಯಲ್ಲಿ ಏಕೆ ಗುಂಪುಗೂಡುತ್ತಾರೆಂಬುದು ಮೇಲುನೋಟಕ್ಕೆ ಒಗಟೇ ಸರಿ. ಒಬ್ಬ ಸೀರೆಯ ವರ್ತಕನಿಗೆ ಪಕ್ಕದ ಸೀರೆಯ ಅಂಗಡಿಗಿಂತ ಹೆಚ್ಚಿನ ವೈರಿ ಯಾರು? ಆದರೆ ಮದುವೆಯ ಜವಳಿಗೆಂದು ಒಂದು ಸಲ ಚಿಕ್ಕಪೇಟೆಗೆ ಹೋಗಿಬಂದ ಗೃಹಸ್ಥರಿಗೆ ಈ ಒಗಟು ತಾನಾಗಿ ಬಿಡುತ್ತದೆ. ಬಿಳಿಯ ಹಾಸಿನ ಮೇಲೆ ನಾವು ಕುಳಿತ ಕೂಡಲೇ ಅಂಗಡಿಯ ಹುಡುಗನು ಸೀರೆಗಳನ್ನು ಒಂದರ ಮೇಲೊಂದು ಬಿಚ್ಚಿ ಹರಹುತ್ತಾನೆ. ಗಿಣಿಹಸಿರು, ನವಿಲುಕತ್ತಿನ ನೀಲಿ, ಈರುಳ್ಳಿಸಿಪ್ಪೆಯ ಬಣ್ಣ, ಅರಿಶಿನಕ್ಕೆ ಕುಂಕುಮದ ಅಂಚು, ರುದ್ರಾಕ್ಷಿ ಅಂಚು, ಮಾವಿನಕಾಯಿಯ ಬುಟ್ಟಾ. ನಾವು ಕೇಳಿದ ಬಣ್ಣ ಅವನಲ್ಲಿಲ್ಲದಿದ್ದರೆ “ಒಂದು ನಿಮಿಷ, ಕೂತಿರಿ” ಎಂದು ಹೇಳಿ ಎದುರಂಗಡಿಗೆ ಓಡಿ ಹತ್ತು ಸೀರೆ ಹೊತ್ತು ತರುತ್ತಾನೆ. ಸೀರೆಯಾದ ಮೇಲೆ ಹೊಂದುವ ರವಿಕೆಯ ಕಣಕ್ಕೆ ಒಂದು ಓಣಿ, ಒಳಗಿನ ಲೈನಿಂಗಿಗೆ ಮತ್ತೊಂದು, ಫಾಲ್ ಹೊಲಿಸಲು ಮೆಟ್ಟಿಲ ಕೆಳಗೆ ಯಂತ್ರವಿಟ್ಟುಕೊಂಡ ದರ್ಜಿ, ಸೆರಗಿಗೆ ಕುಚ್ಚು ಕಟ್ಟಲು ಮಹಡಿಯ ಮೇಲಿನ ಕೋಣೆಯ ಹೆಂಗಸರು. ಎಲ್ಲವೂ ಕರೆದರೆ ಓ ಎನ್ನುವಷ್ಟು ಹತ್ತಿರ. ಬೆಳಗ್ಗೆ ಒಬ್ಬ ಗಿರಾಕಿಯು ಹೊಸದೊಂದು ಅಂಚನ್ನು ಮೆಚ್ಚಿದರೆ ಸಾಯಂಕಾಲದೊಳಗಾಗಿ ಬೀದಿಗೆ ಬೀದಿಯೇ ಅದನ್ನು ಬಲ್ಲದು. ಮಾರನೆಯ ವಾರ ಅದು ಮಗ್ಗದ ಮೇಲೆ ಏರಿರುತ್ತದೆ. ಎದುರಾಳಿಯೂ ಅವನೇ, ನೆರೆಯವನೂ ಅವನೇ. ಇದೇ ಪೇಟೆಯ ಗುಟ್ಟು.

ಈ ಏರ್ಪಾಟಿನಲ್ಲಿ ನಾವು ಗಮನಿಸತಕ್ಕ ಅಂಶ ಒಂದುಂಟು. ನೇಯುವವನ ಕೈ, ಮಾರುವವನ ನಾಲಗೆ, ಉಡುವವಳ ಕಣ್ಣು, ಈ ಮೂರೂ ಒಂದೇ ಊರಿನಲ್ಲಿ, ಅನೇಕ ವೇಳೆ ಒಂದೇ ಬೀದಿಯಲ್ಲಿ ಇದ್ದವು. ನೇಯ್ಗೆ ಕೆಟ್ಟರೆ ನೇಯ್ದವನಿಗೆ ಅದೇ ದಿನ ಗೊತ್ತಾಗುತ್ತಿತ್ತು. ಕೂಲಿ ಕೆಟ್ಟರೆ ಉಡುವವಳಿಗೂ ಒಂದಲ್ಲ ಒಂದು ದಿನ ತಿಳಿಯುತ್ತಿತ್ತು. ಏಕೆಂದರೆ ನೇಕಾರನ ಹೆಂಡತಿ ಅದೇ ನಲ್ಲಿಯ ಬಳಿ ಕೊಡ ಹಿಡಿದು ನಿಲ್ಲುವಳು. ಹಾಗೆಂದು ಅಂದು ನ್ಯಾಯವೇ ತುಂಬಿ ತುಳುಕುತ್ತಿತ್ತೆಂದು ಯಾರೂ ಭ್ರಮಿಸಬೇಕಾದುದಿಲ್ಲ. ಸಾಲದಲ್ಲಿ ಮುಳುಗಿದ ನೇಕಾರರನ್ನು ನಾವೂ ಕಂಡಿದ್ದೇವೆ. ಆದರೆ ಅವರ ಕಷ್ಟಕ್ಕೆ ಮುಖವಿತ್ತು, ಮನೆಯ ವಿಳಾಸವಿತ್ತು.

ಕೈ ಮತ್ತು ಕಣ್ಣುಗಳು ಅಗಲತೊಡಗಿದ್ದು ಯಂತ್ರಗಳು ಬಂದ ಮೇಲೆ. ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯು ೧೮೮೪ರಲ್ಲಿ ಹುಟ್ಟಿತು. ಜನ ಅದನ್ನು ಬಿನ್ನಿ ಮಿಲ್ಲೆಂದೇ ಕರೆದರು. ಆ ಶತಮಾನದ ಕೊನೆಗೆ ಜಮ್‌ಷೆಡ್‌ಜಿ ಟಾಟಾ ಅವರು ಜಪಾನಿನ ತಜ್ಞರ ನೆರವಿನಿಂದ ಇಲ್ಲಿ ರೇಷ್ಮೆಯ ತೋಟವನ್ನು ಮಾಡಿಸಿದರು. ತೋಟ ಹೋಗಿ ಮನೆಗಳೆದ್ದಿದ್ದರೂ ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇನ್ನೂ ಇದೆ. ೧೯೧೨ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಆರಂಭವಾಯಿತು. ೧೯೪೯ರಲ್ಲಿ ಕೇಂದ್ರ ರೇಷ್ಮೆ ಮಂಡಲಿಯು ಸ್ಥಾಪಿತವಾಯಿತು. ಅದರ ಪ್ರಧಾನ ಕಚೇರಿ ಬೆಂಗಳೂರಿನ ದಕ್ಷಿಣದ ಹೊಸೂರು ರಸ್ತೆಯ ಬಳಿ ಇದೆ. ಇಂದಿನ ಜನಕ್ಕೆ ಸಿಲ್ಕ್ ಬೋರ್ಡ್ ಎಂದರೆ ರೇಷ್ಮೆ ನೆನಪಾಗುವುದಿಲ್ಲ, ವಾಹನಗಳ ನೂಕುನುಗ್ಗಲು ನೆನಪಾಗುತ್ತದೆ. ನಾಡಿನ ಅತ್ಯಂತ ನಯವಾದ ನೂಲಿನ ಹೆಸರು ನಗರದ ಅತ್ಯಂತ ಒರಟಾದ ಕೂಡುರಸ್ತೆಗೆ ಬಂದುದು ವಿಧಿಯ ಚೇಷ್ಟೆಯೆಂದೇ ಹೇಳಬೇಕು.

ಆ ಕೂಡುರಸ್ತೆಯನ್ನು ದಾಟಿ ತೆಂಕಣಕ್ಕೆ ಹೋದರೆ ಬೊಮ್ಮನಹಳ್ಳಿ. ನಮ್ಮ ತಂದೆಯವರು ತೀರಿಕೊಂಡ ಮೇಲೆ ನಾವು ಪೇಟೆಯನ್ನು ಬಿಟ್ಟು ಆ ಕಡೆಯೇ ಒಂದು ಸಣ್ಣ ಮನೆ ಮಾಡಿಕೊಂಡೆವು. ೧೯೭೦ ಮತ್ತು ೧೯೮೦ರ ದಶಕಗಳಿಂದ ಹೊರದೇಶಗಳಿಗೆ ಸಿದ್ಧ ಉಡುಪು ಹೊಲಿಯುವ ಕಾರ್ಖಾನೆಗಳು ಬೆಂಗಳೂರಿನಲ್ಲಿ ಏಳತೊಡಗಿದ್ದುವು. ಹೊಸೂರು ರಸ್ತೆಯ ಉದ್ದಕ್ಕೂ, ತುಮಕೂರು ರಸ್ತೆಯ ಪೀಣ್ಯದಲ್ಲಿಯೂ, ಮೈಸೂರು ರಸ್ತೆಯಲ್ಲಿಯೂ ಅವು ಪೇಟೆಯಂತೆಯೇ ಗುಂಪುಗೂಡಿದುವು. ಯಾವ ದೇಶವು ಎಷ್ಟು ಉಡುಪನ್ನು ಕಳುಹಿಸಬಹುದೆಂದು ೧೯೭೪ರಿಂದ ಕಟ್ಟು ಹಾಕಿದ್ದ ಅಂತರರಾಷ್ಟ್ರೀಯ ಒಪ್ಪಂದವು ೨೦೦೪ರ ಕೊನೆಗೆ ಮುಗಿದಾಗ ಪೈಪೋಟಿಯೂ ಬೇಡಿಕೆಯೂ ಒಟ್ಟಿಗೆ ಏರಿದುವು. ಕನಕಪುರ, ಮಾಗಡಿ, ಮದ್ದೂರುಗಳ ಹಳ್ಳಿಗಳಿಂದ ಹೆಂಗಸರು ತಂಡತಂಡವಾಗಿ ಬಂದು ಈ ಯಂತ್ರಗಳ ಮುಂದೆ ಕುಳಿತರು. ಇಂಥ ಕೆಲಸಕ್ಕೆ ಅವರಿಟ್ಟ ಹೆಸರು ‘ಗಾರ್ಮೆಂಟ್ಸ್’. “ಎಲ್ಲಿಗೆ ಹೋಗ್ತೀಯಮ್ಮ?” ಎಂದರೆ “ಗಾರ್ಮೆಂಟ್ಸಿಗೆ” ಎಂಬುದೇ ಉತ್ತರ. ಬೆಳಗ್ಗೆ ಎಂಟು ಗಂಟೆಗೆ ನಮ್ಮ ಬೀದಿಯಲ್ಲಿ ಊಟದ ಡಬ್ಬಿ ಹಿಡಿದು ಬಿರುಬಿರನೆ ನಡೆಯುವ ಹೆಂಗಸರ ಸಾಲನ್ನು ಕಂಡೇ ನಮ್ಮ ಗಡಿಯಾರಕ್ಕೆ ಕೀಲಿ ಕೊಡಬಹುದಾಗಿತ್ತು.

ಇನ್ನು ಕಣ್ಣಿನ ಕಡೆಯ ಕಥೆ. ಉಡುಪನ್ನು ತೊಟ್ಟು ನಡೆದು ತೋರಿಸುವ ಪದ್ಧತಿಯ ಮೂಲವನ್ನು ಬಹುಮಟ್ಟಿಗೆ ಪ್ಯಾರಿಸ್ ನಗರದಲ್ಲಿ ಹುಡುಕುತ್ತಾರೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬಾತನು ೧೮೫೮ರಲ್ಲಿ ಅಲ್ಲಿ ತನ್ನ ಉಡುಪಿನ ಮನೆಯನ್ನು ತೆರೆದನು. ಅದುವರೆಗೆ ಶ್ರೀಮಂತ ಗೃಹಿಣಿಯು ಬಟ್ಟೆಯನ್ನು ತಂದು ತನಗೆ ಬೇಕಾದುದನ್ನು ಹೇಳುವಳು, ದರ್ಜಿಯು ಹೊಲಿಯುವನು. ವರ್ತನು ಈ ಕ್ರಮವನ್ನು ತಲೆಕೆಳಗು ಮಾಡಿದನು. ತಾನೇ ಮೊದಲು ಮಾದರಿಗಳನ್ನು ಯೋಚಿಸಿ ಹೊಲಿಸಿ, ಜೀವಂತ ಹೆಂಗಸರ ಮೈಮೇಲೆ ತೊಡಿಸಿ, ಗಿರಾಕಿಗಳ ಮುಂದೆ ನಡೆಸಿ ತೋರಿಸಿದನು. ಗಿರಾಕಿಗೆ ಉಳಿದದ್ದು ಅವನು ತೋರಿಸಿದ್ದರಲ್ಲಿ ಒಂದನ್ನು ಆರಿಸುವ ಕೆಲಸ. ನಮ್ಮ ಗಾದೆಯ ‘ಇಚ್ಛೆ’ ಉಡುವವಳ ಕೈಯಿಂದ ಹೊಲಿಸುವವನ ಕೈಗೆ ದಾಟಿದುದು ಆಗ. ೧೮೬೮ರಲ್ಲಿ ಪ್ಯಾರಿಸ್ಸಿನ ಉಡುಪುಗಾರರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಅಲ್ಲಿಂದ ಮುಂದೆ ಲಂಡನ್, ಮಿಲಾನ್, ನ್ಯೂಯಾರ್ಕ್‌ಗಳಿಗೂ ಈ ಪ್ರದರ್ಶನಗಳು ಹಬ್ಬಿದುವು. ನಮ್ಮ ದೇಶದಲ್ಲಿ ೧೯೮೬ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಆರಂಭವಾಯಿತು. ವಿನ್ಯಾಸಕಾರರ ಮಂಡಲಿಯು ೧೯೯೮ರಲ್ಲಿ ಹುಟ್ಟಿ, ೨೦೦೦ದಲ್ಲಿ ದೆಹಲಿಯಲ್ಲಿ ಮೊದಲನೆಯ ಫ್ಯಾಷನ್ ವಾರವನ್ನು ನಡೆಸಿತು. ರಾಷ್ಟ್ರೀಯ ಸಂಸ್ಥೆಯ ಬೆಂಗಳೂರು ಶಾಖೆ ಇರುವುದು ಎಚ್.ಎಸ್.ಆರ್. ಬಡಾವಣೆಯಲ್ಲಿ. ಅದಕ್ಕೂ ಬೊಮ್ಮನಹಳ್ಳಿಯ ಹೊಲಿಗೆಯ ಕಾರ್ಖಾನೆಗಳಿಗೂ ನಡುವೆ ಇರುವುದು ಹೊಸೂರು ಹೆದ್ದಾರಿ ಮಾತ್ರ. ಒಂದು ಮಗ್ಗುಲಲ್ಲಿ ಉಡುಪನ್ನು ಕಲ್ಪಿಸಲು ಕಲಿಯುವ ಕಣ್ಣು, ಇನ್ನೊಂದು ಮಗ್ಗುಲಲ್ಲಿ ಹೊಲಿಯುವ ಕೈ. ನಡುವೆ ಎಡೆಬಿಡದ ಲಾರಿಗಳು.

ನಮ್ಮ ತಮ್ಮನ ಮಗಳು ನಗರದ ಒಂದು ವಿದ್ಯಾಲಯದಲ್ಲಿ ಈ ವಿದ್ಯೆಯನ್ನೇ ಕಲಿತವಳು. ೨೦೨೩ರಲ್ಲಿ ಅವಳ ವ್ಯಾಸಂಗ ಮುಗಿದಾಗ ವಿದ್ಯಾರ್ಥಿಗಳ ಪ್ರದರ್ಶನಕ್ಕೆ ನಮ್ಮನ್ನೂ ನಮ್ಮ ಮನೆಯವರನ್ನೂ ಬಲವಂತದಿಂದ ಕರೆದೊಯ್ದಳು. ಉದ್ದನೆಯ ಒಂದು ಜಗಲಿ, ಇಕ್ಕೆಲದಲ್ಲಿ ಕುರ್ಚಿಗಳು, ಎದೆ ನಡುಗಿಸುವ ವಾದ್ಯ, ಕಣ್ಣು ಕೋರೈಸುವ ಬೆಳಕು. ಎಳೆಯ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಒಬ್ಬೊಬ್ಬರಾಗಿ ಬಂದು, ಯಾರ ಮೇಲೋ ಮುನಿದವರಂತೆ ಮುಖವಿಟ್ಟುಕೊಂಡು, ಜಗಲಿಯ ತುದಿಯಲ್ಲಿ ಚಣಕಾಲ ನಿಂತು ತಿರುಗಿ ಹೋದರು. ಒಂದೊಂದು ಉಡುಪಿಗೆ ಅರ್ಧ ನಿಮಿಷ ಸಿಕ್ಕಿದ್ದರೆ ಹೆಚ್ಚು. “ಇಷ್ಟು ಬೆಡಗಿನ ಬಟ್ಟೆ ತೊಟ್ಟು ನಗಲೇಬಾರದೆ?” ಎಂದು ನಮ್ಮ ಮನೆಯವರು ಕೇಳಿದರು. “ನಕ್ಕರೆ ಜನ ಮುಖ ನೋಡ್ತಾರೆ ದೊಡ್ಡಮ್ಮ, ಬಟ್ಟೆ ನೋಡಲ್ಲ” ಎಂದು ಹುಡುಗಿ ಉತ್ತರ ಕೊಟ್ಟಳು. ಉತ್ತರ ಜಾಣತನದ್ದೇ. ಆದರೆ ಮುಖವನ್ನು ಮರೆಸಿ ಬಟ್ಟೆಯನ್ನು ತೋರಿಸುವುದು ಈ ಕಸುಬಿನ ಉದ್ದಗಲಕ್ಕೂ ಹರಡಿರುವ ಅಭ್ಯಾಸವೆಂಬುದು ನಮಗೆ ಮುಂದೆ ತಿಳಿದುಬಂತು.

ಆ ಹುಡುಗಿಯಿಂದಲೇ ನಾವು ಇನ್ನೂ ಕೆಲವು ಸಂಗತಿಗಳನ್ನು ಕಲಿತೆವು. ಪಶ್ಚಿಮದ ದೊಡ್ಡ ನಗರಗಳಲ್ಲಿ ಬರುವ ವಸಂತದ ಉಡುಪನ್ನು ಹಿಂದಿನ ಸೆಪ್ಟೆಂಬರ್, ಅಕ್ಟೋಬರಿನಲ್ಲಿಯೂ, ಚಳಿಗಾಲದ ಉಡುಪನ್ನು ಫೆಬ್ರುವರಿ, ಮಾರ್ಚಿಯಲ್ಲಿಯೂ ತೋರಿಸುವುದು ವಾಡಿಕೆ. ಅವರ ಚಳಿಗೆ ಬೇಕಾದ ದಪ್ಪ ಕೋಟನ್ನು ನಮ್ಮ ಹೆಂಗಸರು ಚೈತ್ರ ವೈಶಾಖದ ಸೆಖೆಯಲ್ಲಿ ಮಡಿಲ ಮೇಲೆ ಹಾಕಿಕೊಂಡು ಹೊಲಿಯುವುದು ಇದರಿಂದಲೇ. ಬಣ್ಣಗಳ ಲೆಕ್ಕಾಚಾರವಂತೂ ಇನ್ನೂ ಮುಂಚಿತವಾಗಿ ನಡೆಯುತ್ತದೆ. ಅಮೆರಿಕದ ಪ್ಯಾಂಟೋನ್ ಎಂಬ ಸಂಸ್ಥೆಯು ೨೦೦೦ದಿಂದ ಈಚೆಗೆ ವರ್ಷಕ್ಕೊಂದು ಬಣ್ಣವನ್ನು ‘ವರ್ಷದ ಬಣ್ಣ’ವೆಂದು ಸಾರುತ್ತ ಬಂದಿದೆ. ೨೦೨೫ಕ್ಕೆ ಅದು ಆರಿಸಿದ್ದು ‘ಮೋಕಾ ಮೂಸ್’ ಎಂಬ ಕಂದು. ಹುಡುಗಿಯು ಅದರ ಪಟವನ್ನು ತೋರಿಸಿದಾಗ ನಮ್ಮ ಮನೆಯವರು ಕನ್ನಡಕ ಸರಿಮಾಡಿಕೊಂಡು ನೋಡಿ, “ಹಾಲು ಹೆಚ್ಚಾದ ಕಾಫಿ” ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸಿದರು. ಹೆಸರಿಡುವುದರಲ್ಲಿ ನಮ್ಮ ಅಡುಗೆಮನೆಗಳೇನೂ ಹಿಂದಿಲ್ಲ. ಆ ಹೆಸರನ್ನು ಲೋಕವೆಲ್ಲ ಕೇಳುವಂತೆ ಕೂಗುವ ಜಗಲಿ ಮಾತ್ರ ನಮಗಿಲ್ಲ.

ಹೆಸರಿನ ಮಾತು ಬಂದುದರಿಂದ ನಮ್ಮ ನಾಡಿಗೇ ಸೇರಿದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ೨೦೨೫ರ ಜೂನ್ ತಿಂಗಳಿನಲ್ಲಿ ಮಿಲಾನ್ ನಗರದ ಪ್ರದರ್ಶನದಲ್ಲಿ ಪ್ರಾಡಾ ಎಂಬ ಪ್ರಖ್ಯಾತ ಮನೆತನವು ಕೊಲ್ಹಾಪುರಿ ಚಪ್ಪಲಿಯನ್ನು ಹೋಲುವ ಪಾದರಕ್ಷೆಗಳನ್ನು ನಡೆಸಿ ತೋರಿಸಿತು. ಅವುಗಳ ಮೂಲವನ್ನು ಮಾತ್ರ ಹೇಳಲಿಲ್ಲ. ಈ ಚಪ್ಪಲಿಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿತ್ತು. ಅದರಲ್ಲಿ ಮಹಾರಾಷ್ಟ್ರದ ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ. ತೊಗಲನ್ನು ಹದಮಾಡಿ ಹೆಣೆಯುವ ಕುಶಲಕರ್ಮಿಗಳ ಪರವಾಗಿ ದೊಡ್ಡ ಗದ್ದಲವೆದ್ದ ಮೇಲೆ, ಭಾರತದ ಕರಕುಶಲದಿಂದ ಸ್ಫೂರ್ತಿ ಪಡೆದುದು ನಿಜವೆಂದು ಆ ಮನೆತನವು ಒಪ್ಪಿಕೊಂಡಿತು. ಜಗಲಿಯ ಮೇಲೆ ಕಾಲು ಕಂಡಿತು, ಚಪ್ಪಲಿ ಕಂಡಿತು. ಹೆಣೆದ ಕೈ ಕಾಣಬೇಕಾದರೆ ಜನ ಕೂಗಬೇಕಾಯಿತು.

ಈಗ ನಮಗೆ ಮುಖಪರಿಚಯವಿರುವ ಒಂದು ಕೈಯ ವಿಷಯ. ನಮ್ಮ ಬೀದಿಯ ತಿರುವಿನ ಮನೆಯಲ್ಲಿ ಕನಕಪುರದ ಕಡೆಯ ಒಬ್ಬ ಹೆಣ್ಣುಮಗಳಿದ್ದಾಳೆ. ಗಂಡ ಗಾರೆಯ ಕೆಲಸದವನು, ಇಬ್ಬರು ಮಕ್ಕಳು. ೨೦೦೭ರಲ್ಲಿ ಆಕೆ ಒಂದು ಗಾರ್ಮೆಂಟ್ಸಿಗೆ ಸೇರಿದಳು. ಅಲ್ಲಿ ಒಂದು ಅಂಗಿಯನ್ನು ಒಬ್ಬರು ಹೊಲಿಯುವುದಿಲ್ಲ. ಯಂತ್ರಗಳ ಒಂದು ಸಾಲಿಗೆ ‘ಲೈನ್’ ಎಂದು ಹೆಸರು. ಒಬ್ಬಳು ಕಿಸೆ, ಒಬ್ಬಳು ತೋಳು, ಒಬ್ಬಳು ಕಫ್, ಒಬ್ಬಳು ಕಾಜ. ಈಕೆಯ ಪಾಲಿಗೆ ಬಂದದ್ದು ಕಾಲರು. ಗಂಟೆಗೆ ಇಷ್ಟು ಪೀಸ್ ಎಂಬ ಲೆಕ್ಕವನ್ನು ಸೂಪರ್‌ವೈಸರು ಹಲಗೆಯ ಮೇಲೆ ಬರೆಯುವನು. ಲೆಕ್ಕ ಹಿಂದೆ ಬಿದ್ದರೆ ಬೈಗುಳ. ನೀರು ಕುಡಿಯಲು ಎದ್ದರೆ ಲೆಕ್ಕ ಹಿಂದೆ ಬೀಳುವುದು. ಆದುದರಿಂದ ಅನೇಕರು ನೀರನ್ನೇ ಕುಡಿಯುತ್ತಿರಲಿಲ್ಲ. ಇದನ್ನು ಆಕೆ ದೂರಿನಂತೆ ಹೇಳಲಿಲ್ಲ. ಮಳೆ ಬಿಸಿಲುಗಳ ವಿಷಯ ಹೇಳುವವಳಂತೆ ನಮ್ಮ ಮನೆಯವರೊಡನೆ ಹೇಳಿದಳು. ನಮ್ಮ ಮಗನು ಹೊಸ ಅಂಗಿ ತೊಟ್ಟು ಎದುರಾದಾಗ ಆಕೆ ಮೊದಲು ನೋಡುತ್ತಿದ್ದುದು ಅವನ ಮುಖವನ್ನಲ್ಲ, ಕಾಲರಿನ ಮೂಲೆಯನ್ನು. “ಇದು ನಮ್ಮ ಕಡೆ ಪೀಸಲ್ಲ ಬಿಡಿ, ಮೂಲೆ ಕೂತಿಲ್ಲ” ಎಂದು ಒಮ್ಮೆ ನಕ್ಕಳು.

೨೦೧೬ರ ಏಪ್ರಿಲ್ ಆಕೆಯ ಬಾಳಿನಲ್ಲಿ ಮರೆಯಲಾಗದ ತಿಂಗಳು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು ಕೆಲಸಗಾರರು ಐವತ್ತೆಂಟು ವಯಸ್ಸಾಗುವವರೆಗೆ ತೆಗೆಯಕೂಡದೆಂದು ಕೇಂದ್ರ ಸರ್ಕಾರವು ಆ ವರ್ಷ ನಿಯಮ ಮಾಡಿತ್ತು. ದೊಡ್ಡ ಸಂಬಳದವರಿಗೆ ಇದು ವಿವೇಕದ ಉಪದೇಶವೆಂದು ತೋರಬಹುದು. ಆದರೆ ಗಾರ್ಮೆಂಟ್ಸಿನ ಹೆಂಗಸಿಗೆ ಆ ನಿಧಿಯೇ ಮಗಳ ಮದುವೆ, ಮಗನ ಶುಲ್ಕ, ಅಡವಿಟ್ಟ ಓಲೆ. “ಐವತ್ತೆಂಟರವರೆಗೆ ನಮ್ಮನ್ನ ಯಾವ ಗಾರ್ಮೆಂಟ್ಸಲ್ಲಿ ಇಟ್ಕೋತಾರೆ ಸಾರ್? ನಲವತ್ತೈದಕ್ಕೇ ಕಣ್ಣು ಮಂಜಾಗ್ತದೆ” ಎಂದು ಆಕೆ ನಮ್ಮನ್ನು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಏಪ್ರಿಲ್ ೧೮ ಮತ್ತು ೧೯ರಂದು ಸಾವಿರ ಸಾವಿರ ಹೆಂಗಸರು ಯಂತ್ರಗಳನ್ನು ಬಿಟ್ಟೆದ್ದು ರಸ್ತೆಗಿಳಿದರು. ಕರೆ ಕೊಟ್ಟ ದೊಡ್ಡ ಮುಖಂಡರೆಂದು ಬೊಟ್ಟು ಮಾಡಿ ತೋರಿಸಲು ಯಾರೂ ಇರಲಿಲ್ಲ. ಒಂದು ಕಾರ್ಖಾನೆಯ ಸುದ್ದಿ ಪಕ್ಕದ ಕಾರ್ಖಾನೆಗೆ ಹಬ್ಬಿತು, ಅಷ್ಟೆ. ಚಿಕ್ಕಪೇಟೆಯಲ್ಲಿ ಹೊಸ ಅಂಚಿನ ಸುದ್ದಿ ಹಬ್ಬುವಂತೆ ಇಲ್ಲಿ ಸಿಟ್ಟಿನ ಸುದ್ದಿ ಹಬ್ಬಿತು; ಗುಂಪುಗೂಡಿದ ಕಸುಬಿನ ಗುಣ ಇದೂ ಹೌದು. ಹೊಸೂರು ರಸ್ತೆ, ತುಮಕೂರು ರಸ್ತೆಗಳು ಕಟ್ಟಿನಿಂತವು. ಕಲ್ಲು ಬಿದ್ದುವು, ಲಾಠಿ ಬೀಸಿತು, ಬಸ್ಸುಗಳು ಉರಿದುವು. ಅವುಗಳಲ್ಲಿ ಯಾವುದನ್ನೂ ನಾವು ಮೆಚ್ಚಲಾರೆವು. ೧೯ರ ಸಾಯಂಕಾಲದೊಳಗೆ ನಿಯಮವು ಹಿಂದಕ್ಕೆ ಹೋಯಿತು. ಆಕೆ ಆ ರಾತ್ರಿ ಬರಿಗಾಲಿನಲ್ಲಿ ಮನೆಗೆ ಬಂದಳು. ನೂಕುನುಗ್ಗಲಿನಲ್ಲಿ ಚಪ್ಪಲಿ ಹೋಗಿತ್ತು.

ಆ ಹಣ ಉಳಿದುದರ ಬೆಲೆ ಮೂರು ವರ್ಷಗಳ ಮೇಲೆ ತಿಳಿಯಿತು. ರಾಜಧಾನಿಯಲ್ಲಿ ನೆಲದ ಬಾಡಿಗೆ ಹೆಚ್ಚು. ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಯೂ ತಾಲ್ಲೂಕುಗಳಿಗಿಂತ ಇಲ್ಲಿ ಹೆಚ್ಚಾಗಿತ್ತು. ಆದಕಾರಣ ಕಾರ್ಖಾನೆಗಳು ಒಂದೊಂದಾಗಿ ಹೊರ ಊರುಗಳ ಕಡೆಗೆ ಸರಿಯುತ್ತಿದ್ದವು. ೨೦೧೯ರಲ್ಲಿ ಆಕೆಯದೂ ಸರಿಯಿತು. ಮಕ್ಕಳ ಶಾಲೆಯನ್ನು ಬಿಟ್ಟು ಅದರ ಹಿಂದೆ ಹೋಗುವುದು ಆಕೆಯಿಂದಾಗಲಿಲ್ಲ. ನಿಧಿಯ ಹಣವನ್ನು ತೆಗೆದು ಒಂದು ಮೋಟಾರಿನ ಹೊಲಿಗೆಯ ಯಂತ್ರವನ್ನು ಕೊಂಡು, ಮನೆಯ ಮುಂದೆ ‘ಲೇಡೀಸ್ ಟೈಲರ್’ ಎಂದು ಹಲಗೆ ತೂಗುಹಾಕಿದಳು. ಬೀದಿಯವರೆಲ್ಲ ಸಂತೋಷಪಟ್ಟು ರವಿಕೆಯ ಕಣಗಳನ್ನು ತಂದುಕೊಟ್ಟರು. ಆಗ ಬಂತು ನಿಜವಾದ ಸಂಕಟ. ಆಕೆಗೆ ರವಿಕೆ ಹೊಲಿಯಲು ಬರುತ್ತಿರಲಿಲ್ಲ!

ವಾಚಕರು ಇದನ್ನು ಹಾಸ್ಯವೆಂದು ತಿಳಿಯಬಾರದು. ಹನ್ನೆರಡು ವರ್ಷ ಲಕ್ಷಗಟ್ಟಲೆ ಕಾಲರುಗಳನ್ನು ಕೂದಲೆಳೆಯೂ ತಪ್ಪದಂತೆ ಹೊಲಿದ ಆ ಹೆಣ್ಣುಮಗಳು ಒಂದು ಬಟ್ಟೆಗೂ ಅಳತೆ ತೆಗೆದವಳಲ್ಲ, ಕತ್ತರಿ ಹಾಕಿದವಳಲ್ಲ, ಮೊದಲಿ ತುದಿಯಿಂದ ಕೊನೆಯ ಗುಂಡಿಯವರೆಗೆ ಒಂದು ಇಡೀ ಉಡುಪನ್ನು ಹೊಲಿದವಳಲ್ಲ. ಪೇಟೆಯ ಮೆಟ್ಟಿಲ ಕೆಳಗಿನ ದರ್ಜಿಗೆ ದುಡ್ಡಿಲ್ಲದಿದ್ದರೂ ಕಸುಬಿತ್ತು. ಈಕೆಗೆ ದುಡಿಮೆ ಇತ್ತು, ಕಸುಬಿರಲಿಲ್ಲ. ಲೈನಿನಿಂದ ಎದ್ದು ಬಂದಾಗ ಕೈಯಲ್ಲಿ ಉಳಿದದ್ದು ಒಂದು ಕಾಲರಿನಷ್ಟು ವಿದ್ಯೆ.

ಬೇಗೂರಿನ ಕಡೆ ಒಬ್ಬ ವೃದ್ಧ ದರ್ಜಿ ಇದ್ದರು. ಎಲ್ಲರೂ ಅವರನ್ನು ಮಾಸ್ಟರೆಂದೇ ಕರೆಯುತ್ತಿದ್ದರು. ಆಕೆ ಅವರ ಬಳಿ ಹೋಗಿ ಕುಳಿತಳು. ನಮ್ಮ ಮನೆಯ ಹಳೆಯ ವರ್ತಮಾನಪತ್ರಿಕೆಗಳೆಲ್ಲ ಆಗ ಆಕೆಯ ಕತ್ತರಿಗೆ ಬಲಿಯಾದುವು. ಕಂಕುಳ ಕಂಸ, ಎದೆಯ ಮಡಿಕೆ, ತೋಳಿನ ಏರು ಇವನ್ನೆಲ್ಲ ಮೊದಲು ಕಾಗದದ ಮೇಲೆ, ಆಮೇಲೆ ಹಳೆಯ ಪಂಚೆಯ ಮೇಲೆ, ಕಡೆಗೆ ಮಗಳ ಮೈಮೇಲೆ ಕಲಿತಳು. ಕಲಿತು ಮುಗಿಯುವ ಹೊತ್ತಿಗೆ ೨೦೨೦ರ ಮಾರ್ಚಿಯ ಲಾಕ್‌ಡೌನ್ ಬಂತು. ಮದುವೆಗಳಿಲ್ಲ, ರವಿಕೆಗಳಿಲ್ಲ. ಬಟ್ಟೆಯ ಮುಖಗವಸು ಹೊಲಿದು ಆಕೆ ಆ ಕಾಲವನ್ನು ದಾಟಿದಳು.

೨೦೨೩ರಲ್ಲಿ ನಮ್ಮ ಮಗಳ ಮದುವೆ ನಿಶ್ಚಯವಾದಾಗ ರವಿಕೆಯ ಪ್ರಶ್ನೆ ಎದ್ದಿತು. ಈಗ ಸೀರೆಗಿಂತ ರವಿಕೆಗೇ ಮರ್ಯಾದೆ ಹೆಚ್ಚು. ಪ್ರದರ್ಶನದಲ್ಲಿ ಯಾವುದೋ ನಟಿ ತೊಟ್ಟು ನಡೆದ ಬೆನ್ನಿನ ಕತ್ತರಿಕೆ, ಆರಿ ಸೂಜಿಯ ಕಸೂತಿ, ಮಣಿ ಮುತ್ತುಗಳು ಮರುದಿನವೇ ದೂರವಾಣಿಯ ಪರದೆಯ ಮೇಲೆ ಬಂದು ಕುಳಿತಿರುತ್ತವೆ. ತಮ್ಮನ ಮಗಳು ಅಂಥದೊಂದನ್ನು ನೋಡಿ ತಾನೇ ಒಂದು ಚಿತ್ರ ಬರೆದಳು. ತಿರುವಿನ ಮನೆಯಾಕೆಯನ್ನು ಕರೆದೆವು. ನಮ್ಮ ಜಗಲಿಯ ಮೇಲೆ ಇಬ್ಬರೂ ಎದುರುಬದುರಾಗಿ ಕುಳಿತರು. ಆಕೆ ಚಿತ್ರವನ್ನು ಬಹಳ ಹೊತ್ತು ನೋಡಿ, ಬೆನ್ನಿನ ಒಂದು ಕಡೆ ಬೆರಳಿಟ್ಟು, “ಚೆನ್ನಾಗಿದೆ ಕಣಮ್ಮ. ಆದ್ರೆ ಇಲ್ಲಿ ಬಟ್ಟೆ ತಡೆಯಲ್ಲ. ಆರತಿಗೆ ಬಗ್ಗಿದ್ರೆ ಹರಿದುಹೋಗ್ತದೆ” ಎಂದಳು. ಹುಡುಗಿಯ ಮುಖ ಕೆಂಪಾಯಿತು. ನಾಲ್ಕು ವರ್ಷದ ವಿದ್ಯೆಯನ್ನು ಒಂದು ಬೆರಳು ತಡೆದರೆ ಯಾರಿಗಾದರೂ ಹಾಗಾಗುತ್ತದೆ. ಸ್ವಲ್ಪ ವಾದ ನಡೆಯಿತು. “ಒಳಗಡೆ ಒಂದು ಪಟ್ಟಿ ಕೊಡೋಣವಾ ಅಕ್ಕ?” ಎಂದು ಕಡೆಗೆ ಹುಡುಗಿಯೇ ಕೇಳಿದಳು. “ಪಟ್ಟಿ ಕೊಟ್ರೆ ಬೆನ್ನಲ್ಲಿ ಉಬ್ಬು ಕಾಣ್ತದೆ. ಹೊಲಿಗೇನೇ ಈ ಕಡೆ ತಿರುಗಿಸು” ಎಂದು ಆಕೆ ಸೀಸದಕಡ್ಡಿಯನ್ನು ತಾನೇ ತೆಗೆದುಕೊಂಡು ಗೆರೆ ಎಳೆದಳು. ಹುಡುಗಿ ಹಳೆಯ ಗೆರೆಯನ್ನು ಒರೆಸಿದಳು. ಹೆದ್ದಾರಿಯ ಎರಡು ಮಗ್ಗುಲುಗಳು ನಮ್ಮ ಮನೆಯ ಜಗಲಿಯ ಮೇಲೆ ಅರ್ಧ ಗಂಟೆಯ ಕಾಲ ಒಂದಾದುವು. ಚಿಕ್ಕಪೇಟೆಯಲ್ಲಿ ದಿನನಿತ್ಯ ನಡೆಯುತ್ತಿದ್ದುದು ಇದೇ ಅಲ್ಲವೆ ಎಂದು ನಮಗೆ ಆಗ ತೋರಿತು.

ರವಿಕೆ ಮದುವೆಯಲ್ಲಿ ಮೆಚ್ಚುಗೆ ಪಡೆಯಿತು. ಆರತಿಗೆ ಬಗ್ಗಿದಾಗಲೂ ಹರಿಯಲಿಲ್ಲ. ಇಷ್ಟರಿಂದ ಲೋಕದ ಲೆಕ್ಕ ಸರಿಹೋಯಿತೆಂದು ನಾವು ಹೇಳುವುದಿಲ್ಲ. ಹೊಸೂರು ರಸ್ತೆಯ ಕಾರ್ಖಾನೆಗಳಲ್ಲಿ ಇನ್ನೂ ಸಾವಿರಾರು ಮಂದಿ ಕಾಲರನ್ನೋ ಕಾಜವನ್ನೋ ಹೊಲಿಯುತ್ತ ಕುಳಿತಿದ್ದಾರೆ. ಅವರೆಲ್ಲರಿಗೂ ಒಬ್ಬೊಬ್ಬ ಮಾಸ್ಟರು ಸಿಕ್ಕುವುದಿಲ್ಲ. ತಿರುವಿನ ಮನೆಯಾಕೆಗೂ ನೆಮ್ಮದಿಯಿಲ್ಲ. ಆಕೆ ಕೇಳುವ ಹೊಲಿಗೆಯ ಕೂಲಿಗಿಂತ ಕಡಿಮೆ ಬೆಲೆಗೆ ಸಿದ್ಧ ರವಿಕೆಗಳು ಅಂಗಡಿಯಲ್ಲಿ ದೊರೆಯುತ್ತಿವೆ. ಅವನ್ನು ಯಾವುದೋ ಊರಿನ ಲೈನಿನಲ್ಲಿ ಆಕೆಯಂಥವಳೇ ಮತ್ತೊಬ್ಬಳು ಹೊಲಿದಿರುವಳು.

ಗೃಹಸ್ಥರಾದ ನಮ್ಮಂಥವರ ಕೈಯಲ್ಲಿ ದೊಡ್ಡ ಅಧಿಕಾರವೇನೂ ಇಲ್ಲ. ಪ್ಯಾರಿಸ್ಸಿನ ಜಗಲಿಯನ್ನು ನಾವು ಆಳಲಾರೆವು. ಮಕ್ಕಳು ಅದನ್ನು ನೋಡಿ ಆಸೆಪಡುವುದನ್ನು ತಡೆಯಲೂ ಬಾರದು. ಚೆಲುವಿನ ಆಸೆ ನಮ್ಮ ಅಜ್ಜಿಯರಿಗೂ ಇತ್ತು. ಆದರೆ ಗಾದೆಯ ‘ಪರರು’ ಎಂಬ ಮಾತಿಗೆ ಅರ್ಥವನ್ನು ಹಿಗ್ಗಿಸುವುದು ನಮ್ಮ ಸ್ವಾಧೀನದಲ್ಲಿದೆ. ನಮ್ಮ ಉಡುಪನ್ನು ನೋಡುವವರು ಪರರು; ಅದನ್ನು ಕಲ್ಪಿಸಿದವರು ಪರರು; ಹೊಲಿದವಳೂ ಪರಳೇ. ಮೊದಲಿನ ಇಬ್ಬರ ಇಚ್ಛೆಯನ್ನು ಕೇಳುವ ನಾವು ಮೂರನೆಯವಳ ಇಚ್ಛೆಯನ್ನೂ ಒಂದು ಮಾತು ಕೇಳಿದರೆ ತಪ್ಪಿಲ್ಲ. ವರ್ಷಕ್ಕೆ ನಾಲ್ಕು ಅಗ್ಗದ ಬಟ್ಟೆಗಳ ಬದಲು ಎರಡು ಗಟ್ಟಿಯಾದುವನ್ನು ಕೊಳ್ಳುವುದು, ಬೀದಿಯ ದರ್ಜಿಗೆ ಕೂಲಿಯಲ್ಲಿ ಚೌಕಾಸಿ ಮಾಡದಿರುವುದು, ಇಷ್ಟು ಯಾವ ಸಂಸಾರಕ್ಕೂ ಅಸಾಧ್ಯವಲ್ಲ. ನಮ್ಮ ಮನೆಯಲ್ಲಿಯಂತೂ ಹೊಸ ಅಂಗಿ ಬಂದರೆ ಅದನ್ನು ತೊಡುವ ಮುಂಚೆ ಕಾಲರನ್ನು ತಿರುವಿ ಮೂಲೆ ಕೂತಿದೆಯೇ ಎಂದು ನೋಡುವುದು ಈಗ ಎಲ್ಲರಿಗೂ ರೂಢಿಯಾಗಿದೆ.